ಅಯುಥಯಾದಲ್ಲಿ ಅಕ್ಕನ ಕೌದಿ

ಮಾಘದ ಚಳಿ ಇನ್ನೂ ಇಳಿದಿರಲಿಲ್ಲ. ಬೆಳಿಗ್ಗೆ ಆರೂ ಕಾಲಿನ ಬಸ್ಸಿಗೆ ಬಸವಕಲ್ಯಾಣ ಬಿಟ್ಟವನು ಏಳೂ ಐದಕ್ಕೆ ಹುಮನಾಬಾದಿನಲ್ಲಿ ಇಳಿದೆ. ಎರಡೂ ತಾಲ್ಲೂಕುಗಳ ಬೌದ್ಧ ಕುಟುಂಬಗಳ ಹದಿನಾಲ್ಕು ಜನ ಸೇರಿ ಐದು ದಿನಗಳ ಮಟ್ಟಿಗೆ ಥಾಯ್ಲೆಂಡಿಗೆ ಹೊರಟಿದ್ದೆವು. ಹೈದರಾಬಾದಿನವರೆಗೆ ಬಾಡಿಗೆ ವ್ಯಾನು, ಅಲ್ಲಿಂದ ವಿಮಾನ. ಮೂವತ್ತನಾಲ್ಕು ವರ್ಷ ಸರ್ವೇಯರ್ ಆಗಿ ಹೊಲಗಳ ಎಲ್ಲೆ ಅಳೆದವನು ನಾನು. ಇಂಗ್ಲಿಷ್ ಬಲ್ಲೆನೆಂದು ದುಭಾಷಿಯ ಹೊಣೆ ನನ್ನ ಪಾಲಿಗೆ ಬಂದಿತ್ತು. ಬಂದಿತ್ತು ಎಂಬುದು ಪೂರ್ಣ ಸತ್ಯವಲ್ಲ. ನಾನೇ ಕೇಳಿ ಪಡೆದುಕೊಂಡಿದ್ದೆ.

ದುಬಲಗುಂಡಿಯ ಬಸ್ಸಿನಿಂದ ನನ್ನ ಅಕ್ಕ ಶೇವಂತಾಬಾಯಿ ಇಳಿದಳು. ಅವಳಿಗೆ ಎಪ್ಪತ್ತಾರು. ತೊಗರಿಯ ರಾಶಿ, ಒಕ್ಕಣೆ ಮುಗಿಯದೆ ಬರುವುದಿಲ್ಲವೆಂದು ಹಟ ಹಿಡಿದಿದ್ದವಳು, ಹಿಂದಿನ ದಿನದವರೆಗೂ ಕೂಲಿಗೆ ಹೋಗಿದ್ದಳು. ಒಂದು ಕೈಯಲ್ಲಿ ಖಡಕ್ ರೊಟ್ಟಿಯ ಗಂಟು, ಇನ್ನೊಂದು ತೋಳಿನಲ್ಲಿ ಉಬ್ಬಿದ ಚೀಲ.

“ಇದರಾಗ ಏನದ ಅಕ್ಕಾ?”

“ಕೌದಿ. ಅಲ್ಲಿ ಒಬ್ಬ ಭಂತೇಜಿಗೆ ಕೊಡ್ತೀನಿ.” ಭಿಕ್ಖುಗಳನ್ನು ನಮ್ಮವರು ಭಂತೇಜಿ ಎನ್ನುತ್ತಾರೆ. “ನನ್ನ ಕೈಲೆ ಕೊಡ್ತೀನಿ. ಮತ್ತೊಬ್ಬರ ಕೈಲೆ ಅಲ್ಲ, ಖ್ಯಾಲ್ ಇರ್ಲಿ.”

“ಅಲ್ಲಿ ಚಳಿ ಇರಲ್ಲ. ಬರೇ ಬಿಸಲು.”

“ಭಂತೇಜಿಗೋಳು ನೆಲದ ಮ್ಯಾಲ ಮಲಗ್ತಾರ. ನೆಲ ಮೆತ್ತಗಿರ್ತದೇನು?”

ತನ್ನ ಏಳು ಹಳೆಯ ಸೀರೆಗಳನ್ನು ಒಗೆದು, ಕತ್ತರಿಸಿ, ಎರಡು ಚಳಿಗಾಲ ಕುಳಿತು ಹೊಲಿದ ಕೌದಿ ಅದು.

ವ್ಯಾನಿನ ಮುಂದಿನ ಸೀಟು ದುಭಾಷಿಗೆ ಎಂದು ಮೊದಲೇ ನಿಶ್ಚಯವಾಗಿತ್ತು. ಅಲ್ಲಿ ಹುಮನಾಬಾದಿನ ಮಾಣಿಕಪ್ಪನವರು ಕುಳಿತಿದ್ದರು. ಬಸ್ ಕಂಡಕ್ಟರ್ ಆಗಿ ನಿವೃತ್ತರಾದವರು. ಹನ್ನೊಂದು ವರ್ಷಗಳ ಹಿಂದೆ ಒಂದು ಮದುವೆಯ ಪಂಕ್ತಿಯಲ್ಲಿ ನಾನು ಕರವಸ್ತ್ರ ಹಾಸಿ ಕೈ ತೊಳೆಯಲು ಹೋಗಿದ್ದಾಗ, ಆ ಜಾಗದಲ್ಲಿ ಕುಳಿತು ಉಂಡವರು ಇವರೇ. ನಾನು ಮರೆತಿರಲಿಲ್ಲ, ಅವರಿಗೆ ನೆನಪೇ ಇರಲಿಲ್ಲ. ಅದು ಇನ್ನೂ ದೊಡ್ಡ ತಪ್ಪು.

“ಜೈಭೀಮ್, ಸರ್ವೇ ಸಾಹೇಬ್ರ. ಬರ್ರಿ, ಹಿಂದ ಜಾಗಾ ಭಾಳ ಅದ” ಎಂದರು ನಗುತ್ತ. ಹೈದರಾಬಾದಿನ ವಿಮಾನ ನಿಲ್ದಾಣದವರೆಗಿನ ನೂರೆಂಬತ್ತು ಕಿಲೋಮೀಟರನ್ನು ನಾನು ಹಿಂದಿನ ಸೀಟಿನಲ್ಲಿ ಕಳೆದೆ.

ಮರುದಿನ ಬೆಳಿಗ್ಗೆ ಬ್ಯಾಂಕಾಕ್‌ನಲ್ಲಿ ಇಳಿದಾಗ ನಮ್ಮ ಗಡಿಯಾರಗಳನ್ನು ಒಂದೂವರೆ ಗಂಟೆ ಮುಂದಕ್ಕೆ ತಿರುಗಿಸಬೇಕಾಯಿತು. ಸೆಖೆ ನಮ್ಮ ಜೂನ್ ಮೊದಲ ವಾರದಂತಿತ್ತು. ನಮ್ಮನ್ನು ಎದುರುಗೊಂಡ ಮಾರ್ಗದರ್ಶಿ ನೋಯ್ ಎಂಬಾಕೆ, ಐವತ್ತರ ಆಸುಪಾಸಿನ ಹೆಂಗಸು. ಇಂಗ್ಲಿಷ್ ಚೆನ್ನಾಗಿತ್ತು, ಹಿಂದಿ ನಾಲ್ಕು ಮಾತು. ಆಕೆ ಹೇಳಿದ ನಡವಳಿಕೆಗಳನ್ನೆಲ್ಲ ನಾನು ಅಂಕಿ ಹಾಕಿ ಪುಸ್ತಕದಲ್ಲಿ ಬರೆದುಕೊಂಡು ನಮ್ಮವರಿಗೆ ಕನ್ನಡದಲ್ಲಿ ತಿಳಿಸಿದೆ: ಬುದ್ಧನ ಕಡೆಗೆ ಕಾಲು ಚಾಚಬಾರದು, ಯಾರ ತಲೆಯನ್ನೂ ಮುಟ್ಟಬಾರದು, ಹೊಸ್ತಿಲು ತುಳಿಯಬಾರದು, ವಿಹಾರದಲ್ಲಿ ದನಿ ಏರಿಸಬಾರದು, ಬುದ್ಧನಿಗೆ ಬೆನ್ನು ಕೊಟ್ಟು ನಿಲ್ಲಬಾರದು, ಯಾರತ್ತಲೂ ಬೆರಳು ತೋರಿಸಬಾರದು. ಮಾಣಿಕಪ್ಪನವರು ಅಂದೇ ಮಧ್ಯಾಹ್ನ ಬುದ್ಧನಿಗೆ ಬೆನ್ನು ಕೊಟ್ಟು ಫೋಟೋಕ್ಕೆ ನಿಂತರು. ಎಲ್ಲರೆದುರಿಗೇ ಅವರಿಗೆ ಐದನೆಯ ಅಂಕಿಯನ್ನು ಓದಿ ಹೇಳಿದೆ.

ಅದೇ ದಿನ ಒಬ್ಬ ಭಿಕ್ಖುವಿಗೆ ನಾನು ಕೈ ಮುಗಿದೆ. ಅವರು ತಿರುಗಿ ಕೈ ಮುಗಿಯಲಿಲ್ಲ. ನೋಯ್ ಕಾರಣ ಹೇಳಿದಳು: ಗೃಹಸ್ಥರಿಗೆ ಭಿಕ್ಖುಗಳು ಕೈ ಮುಗಿಯುವುದಿಲ್ಲ, ಅರಸನಿಗೂ ಇಲ್ಲ. ಅದನ್ನೂ ಬರೆದುಕೊಂಡೆ. ಆದರೆ ಬರೆದುಕೊಂಡ ಮಾತ್ರಕ್ಕೆ ಮನಸ್ಸು ಒಪ್ಪುವುದಿಲ್ಲ.

ಮೂರನೆಯ ದಿನ ಹಳೆಯ ರಾಜಧಾನಿ ಅಯುಥಯಾಕ್ಕೆ ಹೊರಟೆವು. ಬ್ಯಾಂಕಾಕ್‌ನಿಂದ ಎಂಬತ್ತು ಕಿಲೋಮೀಟರು. ಬಸ್ಸಿನ ಮುಂದಿನ ಸೀಟಿನಲ್ಲಿ ಮತ್ತೆ ಮಾಣಿಕಪ್ಪನವರು. ನೋಯ್ ಧ್ವನಿವರ್ಧಕ ಹಿಡಿದು ಮಾತು ಆರಂಭಿಸಿದ್ದಳು. ನಾನು ಮಾಣಿಕಪ್ಪನವರ ಪಕ್ಕದಲ್ಲಿ ನಿಂತು, ಹೊರಡುವ ಮೊದಲೇ ಆಗಿದ್ದ ನಿಶ್ಚಯವನ್ನು ನೆನಪಿಸಿದೆ.

“ಸೀಟಿನ ಮ್ಯಾಲ ಯಾರದರ ಹೆಸರು ಬರದದೇನ್ರಿ?”

“ಹೆಸರು ಬೇಕಿಲ್ಲ, ಮಾತು ಸಾಕು. ನೀವು ಮದುವೆಯಲ್ಲೂ ಹೀಗೇ ಮಾಡಿದ್ದಿರಿ.”

“ಯಾವ ಮದಿವ್ಯಾಗ? ಯಪ್ಪಾ, ಅಳತಿ ಚೈನು ತಂದೀರಿಲ್ಲೋ? ಹದ್ದುಬಸ್ತು ಮಾಡಿ ಒಂದು ಕಲ್ಲು ನೆಡ್ರಿ ಇಲ್ಲಿ.”

ಬಸ್ಸು ನಕ್ಕಿತು. ನಾನು ಮದುವೆಯ ಊರು, ಪಂಕ್ತಿ, ಕರವಸ್ತ್ರದ ಬಣ್ಣ ಎಲ್ಲವನ್ನೂ ಹೇಳಿದೆ. ನಮ್ಮ ಮಾತು ಮುಗಿದಾಗ ನೋಯ್‌ಳ ಮಾತೂ ಮುಗಿದಿತ್ತು. ಆಕೆ ಏನು ಹೇಳಿದಳೆಂದು ನಾನು ಕೇಳಲಿಲ್ಲ. ಗೆದ್ದ ಸೀಟಿನಲ್ಲಿ ನೆಟ್ಟಗೆ ಕುಳಿತೆ.

ಪಾಳುಬಿದ್ದ ಇಟ್ಟಿಗೆಯ ಸ್ತೂಪಗಳನ್ನು ನೋಡಿಕೊಂಡು, ಮಧ್ಯಾಹ್ನ ಎರಡರ ಹೊತ್ತಿಗೆ ಊರ ಅಂಚಿನ ಒಂದು ಸಣ್ಣ ವಿಹಾರ ತಲುಪಿದೆವು. ಅಂಗಳದಲ್ಲಿ ಅರಳಿಮರ, ಅದರ ಕೆಳಗೆ ಒಬ್ಬ ಮುದುಕಿ ಎಲೆ ಗುಡಿಸುತ್ತಿದ್ದಳು. ತೆರೆದ ಮಂಟಪದಲ್ಲಿ ಐವತ್ತು ದಾಟಿದ ಭಿಕ್ಖು ಒಬ್ಬರು ನಿಂತಿದ್ದರು. ಅಕ್ಕನ ಮುಖ ನಾನು ಹಿಂದೆಂದೂ ಕಾಣದಷ್ಟು ಹಗುರವಾಯಿತು. ಚಪ್ಪಲಿ ಬಿಟ್ಟು, ಸೆರಗು ಹೊದ್ದು, ನಮ್ಮೆಲ್ಲರಿಗಿಂತ ಮುಂದೆ ನಡೆದಳು. ನಮ್ಮ ಕಡೆಯ ಹೆಣ್ಣುಮಕ್ಕಳು ಹಿರಿಯರನ್ನು ಕಂಡಾಗ ಮಾಡುವುದನ್ನೇ ಅವಳೂ ಮಾಡಿದಳು: ಬಾಗಿ, ಎರಡೂ ಕೈಗಳಿಂದ ಅವರ ಪಾದ ಹಿಡಿಯಲು ಹೋದಳು.

ಭಿಕ್ಖು ಥಟ್ಟನೆ ಹಿಂದೆ ಸರಿದರು. ನನ್ನ ಕಣ್ಣಳತೆ ತಪ್ಪುವುದಿಲ್ಲ: ಎರಡು ಮೊಳ.

ಆ ಎರಡು ಮೊಳ ನನಗೆ ಗೊತ್ತಿದ್ದ ಅಳತೆ. ನಾರಾಯಣಪುರದ ಬಳಿಯ ನಮ್ಮ ಹಳ್ಳಿಯಲ್ಲಿ ರಾಶಿಯ ದಿನಗಳಲ್ಲಿ ಅಕ್ಕ ಗೌಡರ ಮನೆಯ ಹಿತ್ತಲ ಬಾಗಿಲಲ್ಲಿ ಸೆರಗು ಒಡ್ಡಿ ಕೂರುತ್ತಿದ್ದಳು. ಆ ಮನೆಯವರು ನಿಂತೇ, ಎರಡು ಮೊಳ ಮೇಲಿನಿಂದ, ರೊಟ್ಟಿಯನ್ನು ಕೈಬಿಡುತ್ತಿದ್ದರು. ಸೆರಗಿಗೆ ಬಿದ್ದುದು ಊಟ. ನೆಲಕ್ಕೆ ಬಿದ್ದುದನ್ನು ಅವಳು ಮಣ್ಣು ಒರೆಸಿ ನನಗೆ ಕಾಣದಂತೆ ತಾನೇ ತಿನ್ನುತ್ತಿದ್ದಳು. ಒಂಬತ್ತು ವರ್ಷದವನಿದ್ದ ನನಗೆ ಅದು ಕಾಣುತ್ತಿತ್ತು.

ಅಕ್ಕ ಬಾಗಿದವಳು ಹಾಗೇ ನಿಂತಿದ್ದಳು. ಆಮೇಲೆ ಕೈಗಳನ್ನು ಸೀರೆಗೆ ಒರೆಸಿಕೊಂಡಳು, ಅವುಗಳಿಗೆ ಏನೋ ಅಂಟಿದೆ ಎಂಬಂತೆ.

ನಾನು ಮಂಟಪದ ನಡುವೆ ಹೋಗಿ ಇಂಗ್ಲಿಷಿನಲ್ಲಿ ಗಟ್ಟಿಯಾಗಿ ಕೇಳಿದೆ: ಬುದ್ಧನ ಮನೆಯಲ್ಲೂ ಮುಟ್ಟಬಾರದವರು ಇದ್ದಾರೆಯೇ? ನಾವು ಯಾರೆಂದು ನಿಮಗೆ ಇಲ್ಲಿಯವರೆಗೂ ಯಾರು ಬಂದು ಹೇಳಿದರು? ಬೆರಳು ತೋರಿಸಿದೆ. ದನಿ ಏರಿಸಿದೆ. ನಾನೇ ಬರೆದ ಅಂಕಿಗಳನ್ನು ಒಂದೊಂದಾಗಿ ಮುರಿದೆ. ಭಿಕ್ಖು ಕಣ್ಣು ಕೆಳಗಿಳಿಸಿದರು. ಎಲೆ ಗುಡಿಸುತ್ತಿದ್ದ ಮುದುಕಿ ಕಸಬರಿಗೆ ನಿಲ್ಲಿಸಿದಳು.

ನೋಯ್ ನನ್ನ ಪಕ್ಕಕ್ಕೆ ಬಂದು ಮೆಲುದನಿಯಲ್ಲಿ ಹೇಳಿದಳು. “ಸರ್, ಬೆಳಿಗ್ಗೆ ಬಸ್ಸಿನಲ್ಲಿ ಇದನ್ನೇ ಹೇಳಿದ್ದೆ. ಭಿಕ್ಖುವನ್ನು ಯಾವ ಹೆಂಗಸೂ ಮುಟ್ಟಬಾರದು. ಯಾವ ಜಾತಿ, ಯಾವ ದೇಶ ಎಂದಿಲ್ಲ. ಅವರ ಕೈಗೆ ನೇರವಾಗಿ ಏನನ್ನೂ ಕೊಡಬಾರದು. ಎರಡು ಸಲ ಹೇಳಿದೆ. ನೀವು ನಿಮ್ಮವರಿಗೆ ತಿಳಿಸಲಿಲ್ಲವೇ?”

ಆ ಬೆಳಿಗ್ಗೆ ನಾನು ತಿಳಿಸಿದ್ದು ಒಂದು ಕರವಸ್ತ್ರದ ಬಣ್ಣವನ್ನು.

ಅಕ್ಕ ಅರಳಿಮರದ ಕಟ್ಟೆಗೆ ಹೋಗಿ ಕುಳಿತಿದ್ದಳು. ಚೀಲದ ಬಾಯಿಗೆ ಬಿಗಿಯಾಗಿ ಗಂಟು ಹಾಕಿದ್ದಳು. ನಾನು ಅವಳ ಮುಂದೆ ನಿಂತು, ನೋಯ್ ಹೇಳಿದ್ದನ್ನೂ, ಅದು ಅವಳಿಗೆ ಯಾಕೆ ತಲುಪಲಿಲ್ಲ ಎಂಬುದನ್ನೂ ಹೇಳಿದೆ. ಒಂದನ್ನೂ ಬಿಡಲಿಲ್ಲ.

“ಸೀಟಿನ ಸಲುವಾಗಿ?” ಎಂದಳು.

“ಹೌದಕ್ಕಾ.”

“ಅರವತ್ತು ವರ್ಷದ್ದು ನಿನಗ ಎಲ್ಲಾ ನೆನಪಿರ್ತದ. ಮುಂದ ನಿಂತು ಹೇಳಾಕತ್ತಿದ್ದು ಮಾತ್ರ ಕೇಳಿಸಲ್ಲ.” ಚೀಲದ ಗಂಟನ್ನು ಮತ್ತೊಮ್ಮೆ ಬಿಗಿದಳು. “ನೀ ಹೇಳ್ತಿ ಖರೆ. ಆದರ ಮೊದಲು ಗೌಡರ ಮನ್ಯಾಗೂ ರೀತಿ ಅಂತನೇ ಹೇಳ್ತಿದ್ರು ತಮ್ಮಾ. ‘ನಮ್ಮ ಮನಿ ರೀತಿ’ ಅಂತಿದ್ರು. ಹೊಳ್ಳಿ ಊರಿಗೆ ಒಯ್ತೀನಿ ಈ ಕೌದಿನ.”

ಅದುವರೆಗೆ ದೂರ ನಿಂತಿದ್ದ ಮಾಣಿಕಪ್ಪನವರು ನೀರಿನ ಬಾಟಲಿ ತಂದು ಅಕ್ಕನ ಕೈಗಿತ್ತರು. ನನ್ನನ್ನು ಒಂದು ಮಾತೂ ಅನ್ನಲಿಲ್ಲ. ಅನ್ನುವುದಕ್ಕೆ ಅದಕ್ಕಿಂತ ಒಳ್ಳೆಯ ಸಮಯ ಅವರಿಗೆ ಸಿಗುತ್ತಿರಲಿಲ್ಲ. ಅದನ್ನೂ ನಾನು ಮರೆಯುವುದಿಲ್ಲ.

ಆಗ ಕಸಬರಿಗೆಯ ಮುದುಕಿ ಬಂದು ಅಕ್ಕನ ಪಕ್ಕದಲ್ಲಿ ಕುಳಿತಳು. ನೋಯ್‌ಳನ್ನು ಏನೋ ಕೇಳಿದಳು, ಕೇಳಿಕೊಂಡು ಅಕ್ಕನ ಕೈಯನ್ನು ತನ್ನ ಮಡಿಲಿಗೆ ಎಳೆದುಕೊಂಡಳು. ನೋಯ್ ತನ್ನ ಮುರುಕು ಹಿಂದಿಯಲ್ಲಿ ಅಕ್ಕನಿಗೇ ಹೇಳಿದಳು: ಈಕೆ ಆ ಭಿಕ್ಖುವಿನ ತಾಯಿ, ಹೆತ್ತ ತಾಯಿ. ಮಗ ಭಿಕ್ಖುವಿನ ಚೀವರ ಉಟ್ಟು ಮೂವತ್ತು ವರ್ಷವಾಯಿತು. ಅಂದಿನಿಂದ ಈಕೆಯೂ ಅವನ ಕೈ ಮುಟ್ಟಿಲ್ಲ.

ಅಕ್ಕನಿಗೆ ನಮ್ಮ ಕಡೆಯ ದಖನಿ ಉರ್ದು ಚೆನ್ನಾಗಿ ಬರುತ್ತದೆ, ಆ ಹಿಂದಿ ತಿಳಿಯಿತು. ಅವಳು ಮುದುಕಿಯ ಮುಖ ನೋಡಿದಳು, ಮಂಟಪದಲ್ಲಿದ್ದ ಮಗನನ್ನು ನೋಡಿದಳು.

“ಹಡದ ತಾಯಿನೂ?” ಎಂದು ನನ್ನನ್ನು ಕನ್ನಡದಲ್ಲಿ ಕೇಳಿದಳು.

“ಹಡದ ತಾಯಿನೂ.”

ಮುದುಕಿ ಎದ್ದು ಅಕ್ಕನನ್ನು ಕೈಹಿಡಿದು ಎಬ್ಬಿಸಿದಳು. ಮಂಟಪದವರೆಗೂ ಆ ಕೈ ಬಿಡಲಿಲ್ಲ. ಅಲ್ಲಿ ತಾನು ಮೊದಲು ಮಂಡಿಯೂರಿ, ಮಗನಿಗೆ ಮೂರು ಸಲ ತಲೆ ನೆಲಕ್ಕೆ ತಾಗಿಸಿ ನಮಸ್ಕರಿಸಿ ತೋರಿಸಿದಳು. ಅಕ್ಕ ಹಾಗೆಯೇ ಮಾಡಿದಳು. ನಂತರ ಚೀಲದ ಗಂಟು ಬಿಚ್ಚಿದಳು.

ಭಿಕ್ಖು ನೆಲದ ಮೇಲೆ ಕುಳಿತುಕೊಂಡರು. ಮಡಚಿಟ್ಟಿದ್ದ ಕೇಸರಿ ಬಟ್ಟೆಯೊಂದನ್ನು ತೆಗೆದು ಬಿಡಿಸಿ, ಅಕ್ಕನ ಮುಂದೆ ಹಾಸಿ, ಅದರ ಒಂದು ಅಂಚನ್ನು ಎರಡೂ ಕೈಗಳಿಂದ ಹಿಡಿದುಕೊಂಡರು. ಅಕ್ಕ ಮಡಚಿದ ಕೌದಿಯನ್ನು ಇನ್ನೊಂದು ಅಂಚಿನ ಮೇಲೆ ಇಟ್ಟಳು. ಅವರು ಬಟ್ಟೆಯನ್ನು ತಮ್ಮತ್ತ ಎಳೆದುಕೊಂಡು ಕೌದಿಯನ್ನು ಪೂರ್ತಿ ಬಿಡಿಸಿದರು. ಹೊಲಿಗೆಯ ಮೇಲೆ ಬೆರಳಾಡಿಸಿ, ತಮ್ಮ ಚೀವರದ ಅಂಚನ್ನು ಎತ್ತಿ ತೋರಿಸಿದರು. ಅದೂ ತುಂಡುಗಳನ್ನು ಕೂಡಿಸಿ ಹೊಲಿದದ್ದು. ಬದುಗಳ ನಡುವಿನ ಹೊಲಗಳ ನಕ್ಷೆಯಂತೆ ನನಗೆ ಕಂಡಿತು. ನಾನು ಮಂಡಿಯೂರಿ ಕ್ಷಮೆ ಕೇಳಿದೆ. ಅವರು ಕೈ ಮುಗಿಯಲಿಲ್ಲ, ತಲೆಯಾಡಿಸಿದರು. ಸಾಕೆನಿಸಿತು.

ಹಿಂದಿರುಗುವಾಗ ಮಾಣಿಕಪ್ಪನವರನ್ನು ಮುಂದಿನ ಸೀಟಿಗೆ ಕಳಿಸಿ ನಾನು ಅಕ್ಕನ ಪಕ್ಕ ಕುಳಿತೆ. ಉಳಿದ ಎರಡು ದಿನ ಅವಳು ಈ ಮಾತನ್ನು ಎತ್ತಲಿಲ್ಲ. ಮುಟ್ಟಿಸಿ ಕೊಡಲಾಗದ ಕೊರಗು ಅವಳಲ್ಲಿ ಉಳಿಯಿತೋ ಏನೋ ಎಂದು ಹೈದರಾಬಾದಿನವರೆಗೂ, ಜಹೀರಾಬಾದು ದಾಟುವವರೆಗೂ ನಾನು ಯೋಚಿಸಿದೆ.

ಹುಮನಾಬಾದಿನಲ್ಲಿ ದುಬಲಗುಂಡಿಯ ಬಸ್ಸು ಹೊರಡುವುದರಲ್ಲಿತ್ತು. ಅಕ್ಕನನ್ನು ಹತ್ತಿಸಿ ಖಾಲಿ ಚೀಲವನ್ನು ಕಿಟಕಿಯೊಳಗೆ ಕೊಟ್ಟೆ. ಪಕ್ಕದ ಸೀಟಿನಲ್ಲಿ ಅವಳ ಜೊತೆ ಕೂಲಿಗೆ ಹೋಗುವ ಗೆಳತಿಯೊಬ್ಬಳು ಕುಳಿತಿದ್ದಳು.

“ಕೌದಿ ಕೊಟ್ಟ್ಯಾ ಶೇವಂತಕ್ಕಾ? ನಿನ್ನ ಕೈಲೆ ತೊಗೊಂಡ್ರಾ?”

“ಅವರು ಕುಂತು ಸೆರಗ ಒಡ್ಡಿದ್ರವ್ವ, ನಾ ಹಾಕ್ದೆ” ಎಂದಳು ಅಕ್ಕ. ಬಸ್ಸು ಚಲಿಸುವಾಗ ಅವಳ ಕೈಗಳು ಕಿಟಕಿಯಲ್ಲಿ ಅದನ್ನು ಮತ್ತೊಮ್ಮೆ ಮಾಡಿ ತೋರಿಸುತ್ತಿದ್ದವು. “ಮ್ಯಾಲಿಂದ ಅಲ್ಲ. ನೆಲಕ್ಕ ಕುಂತು, ಮೆಲ್ಲಗ ಇಟ್ಟೆ.”