ಚೀಲದ ಬಾಯಿ ಕಟ್ಟಿದಲ್ಲಿಂದ

ಅಲಂಕಾರದ ಮೀನುಗಳನ್ನು ವಿಮಾನಕ್ಕೆ ಕಟ್ಟಿಕೊಡುವುದು ಅವರ ಕೆಲಸವಾಗಿತ್ತು. ಚೀಲದಲ್ಲಿ ಕಾಲುಭಾಗ ನೀರು, ಉಳಿದಷ್ಟು ಆಕ್ಸಿಜನ್, ಬಾಯಿಗೆ ಜೋಡಿ ರಬ್ಬರ್ ಬ್ಯಾಂಡು. ಸಮುದ್ರದಾಚೆಯ ಒಂದೇ ನಗರಕ್ಕೆ ಅವರು ವರ್ಷಗಟ್ಟಲೆ ಹೀಗೆ ಜೀವಗಳನ್ನು ಕಳಿಸಿದ್ದರು. ಆ ನಗರ ಏಳು ಸಾವಿರ ಕಿಲೋಮೀಟರು, ಒಂಬತ್ತು ಗಂಟೆಯ ಹಾರಾಟ ಎಂದು ಯಾರಾದರೂ ಹೇಳಿದರೆ ತಲೆಯಾಡಿಸಿ ನಿರಾಕರಿಸುತ್ತಿದ್ದರು. ಅವರ ಪ್ರಕಾರ ಪ್ರಯಾಣ ಆರಂಭವಾಗುವುದು ಚೀಲದ ಬಾಯಿ ಕಟ್ಟಿದಾಗ, ಮುಗಿಯುವುದು ಅದನ್ನು ಬಿಚ್ಚಿದಾಗ. ನಡುವೆ ಮೂವತ್ತು ಗಂಟೆ. ಹಾರಾಟವೆಂಬುದು ಅದರಲ್ಲೊಂದು ಚೂರು.

ಅಲ್ಲಿಂದ ಫೋನು ಬರುತ್ತಿದ್ದುದು ಎಷ್ಟು ಮೀನು ಸತ್ತವೆಂದು ತಿಳಿಸುವುದಕ್ಕೆ ಮಾತ್ರ. ಎಲ್ಲವೂ ಬದುಕಿ ತಲುಪಿದ ದಿನ ಯಾರೂ ಫೋನು ಮಾಡುತ್ತಿರಲಿಲ್ಲ. ಅಂದು ಅವರು ಎರಡು ತುತ್ತು ಹೆಚ್ಚು ಉಣ್ಣುತ್ತಿದ್ದರು.

ಹೆಂಡತಿಯ ಅಕ್ಕ ಇದ್ದುದೂ ಅದೇ ನಗರದಲ್ಲಿ. ಆ ಅಕ್ಕ ಬಚ್ಚಲಲ್ಲಿ ಜಾರಿ ಬಿದ್ದು ಸೊಂಟ ಮುರಿದುಕೊಂಡರು. ಆರೈಕೆಗೆಂದು ಹೆಂಡತಿ ಹೊರಟುನಿಂತರು. ಆಕೆ ಎಂದೂ ವಿಮಾನ ಹತ್ತಿರಲಿಲ್ಲ. ಅವರೂ ಹತ್ತಿರಲಿಲ್ಲ, ಆದರೆ ದಾರಿ ತಮಗೆ ಗೊತ್ತೆಂಬ ನಂಬಿಕೆ ಅವರಿಗಿತ್ತು.

“ಎರಡು ದಿನ ಮುಂಚಿನಿಂದ ಊಟ ಬಿಡು.”

“ಯಾಕ್ರೀ?”

“ಹೊಟ್ಟೆ ತುಂಬಿದ್ರೆ ನೀರು ಕೆಡುತ್ತೆ.”

“ಯಾವ ನೀರು? ನಾನು ಹೋಗೋದು ಸೀಟಲ್ಲಿ, ಚೀಲದಲ್ಲಲ್ಲ.”

“ಬೆಳಕು ಬಿದ್ರೆ ಗಾಬರಿಯಾಗುತ್ತೆ. ಕಣ್ಣಿಗೆ ಬಟ್ಟೆ ಕಟ್ಕೋ.”

“ಅಯ್ಯೋ ನನ್ನ ಕರ್ಮವೇ! ಮೀನಿನ ಪೆಟ್ಟಿಗೆಗೆ ‘ಈ ಕಡೆ ಮೇಲೆ’ ಅಂತ ಬಾಣದ ಗುರುತು ಅಂಟಿಸ್ತೀರಲ್ಲ, ಅದನ್ನೂ ನನ್ನ ಬೆನ್ನಿಗೆ ಅಂಟಿಸ್ಬಿಡಿ.”

ಅವರು ನಗಲಿಲ್ಲ. ಇಷ್ಟು ವರ್ಷಗಳಲ್ಲಿ ತಾವು ಕಳಿಸಿದ ಯಾವುದೂ ಮರಳಿ ಬಂದಿಲ್ಲವೆಂಬುದು ಆಗಷ್ಟೇ ಅವರ ಗಮನಕ್ಕೆ ಬಂದಿತ್ತು.

ಹೆಂಡತಿ ಹೊಸ್ತಿಲು ದಾಟಿದ ಗಳಿಗೆಯಿಂದ ಅವರು ಮೂವತ್ತು ಗಂಟೆಯ ಲೆಕ್ಕ ಹಿಡಿದರು. ಮರುದಿನ ಸಂಜೆ ಫೋನು ಬಡಿದುಕೊಂಡಿತು. ಪರದೆಯ ಮೇಲೆ ಆ ನಗರದ ಸಂಖ್ಯೆ. ಅವರು ಮುಟ್ಟಲಿಲ್ಲ. ಅದು ನಿಂತು, ಮತ್ತೆ ಬಡಿದುಕೊಂಡಿತು. ಅವರು ಅದರ ಮೇಲೊಂದು ಟವೆಲ್ ಹೊದಿಸಿ ಎದುರಿಗೇ ಕುಳಿತರು.

ಸ್ವಲ್ಪ ಹೊತ್ತಿಗೆ ಪಕ್ಕದ ಮನೆಯಾಕೆ ತಮ್ಮ ಫೋನನ್ನೇ ಹಿಡಿದು ಬಂದರು. “ತಗೊಳ್ಳಿ ಅಣ್ಣಾ, ಅಲ್ಲಿಂದ. ನೀವು ಎತ್ತಲ್ವಂತೆ.”

ಕಿವಿಗಿಟ್ಟುಕೊಂಡರು. ನಾಲಿಗೆ ತನ್ನ ಅಭ್ಯಾಸದಂತೆ ಕೇಳಿತು: “ಎಷ್ಟು ಹೋದ್ವು?”

ಆ ಕಡೆಯಿಂದ ಹೆಂಡತಿಯ ದನಿ: “ಕಳಿಸಿದ್ದೇ ಒಂದು. ಅದು ಬಂದು ಮುಟ್ಟಿದೆ. ದಾರೀಲಿ ಎರಡು ಸಲ ಊಟಾನೂ ಮಾಡಿದೆ.”

ಅವರು ಗೋಡೆಗೆ ಒರಗಿದರು. “ತಕ್ಷಣ ಓಡಾಡ್ಬೇಡ. ಅಲ್ಲಿನ ನೀರಿಗೆ ಹೊಂದ್ಕೊಳ್ಳೋವರೆಗೂ ಸುಮ್ನೆ ಕೂತಿರು.”

“ಆಗ್ಲಿ.”

“ವಾಪಸ್ ಬರೋ ದಾರಿ ನಂಗೊತ್ತಿಲ್ಲ ಕಣೇ. ಆ ಕಡೆಯಿಂದ ಏನೂ ಬಂದಿದ್ದು ನೋಡಿಲ್ಲ.”

“ಅದು ಟಿಕೆಟ್‌ನಲ್ಲಿದೆ ರೀ. ನೀವು ಮೊದ್ಲು ಫೋನ್ ಎತ್ತೋದು ಕಲೀರಿ.”