ಮದ್ದೂರಿನಿಂದ ಹೋದ ಮೂರು ಪದದ ತಂತಿ

೧೯೪೬ರಲ್ಲಿ ನಾನು ಮದ್ದೂರಿನ ಅಂಚೆ ಕಚೇರಿಯಲ್ಲಿ ತಂತಿ ಗುಮಾಸ್ತನಾಗಿದ್ದೆ. ಜನ ಬರೆದುಕೊಟ್ಟ ಸುದ್ದಿಯನ್ನು ಮೋರ್ಸ್ ಕೀಲಿಯಲ್ಲಿ ಕುಟ್ಟಿ ಕಳಿಸುವುದು, ಬಂದದ್ದನ್ನು ಬರೆದುಕೊಳ್ಳುವುದು ನನ್ನ ಕೆಲಸ. ಒಬ್ಬರ ತಂತಿಯ ಒಕ್ಕಣೆ ಇನ್ನೊಬ್ಬರ ಕಿವಿಗೆ ಬೀಳಕೂಡದೆಂದು ಕೆಲಸಕ್ಕೆ ಸೇರುವಾಗಲೇ ಪ್ರಮಾಣ ಮಾಡಿಸಿದ್ದರು. ಈ ವಿಷಯದಲ್ಲಿ ನಾನೆಷ್ಟು ಖಡಕ್ಕೆಂದರೆ, ಹೆಂಡತಿಯೇ ನನ್ನನ್ನು ‘ಅರಗು ಒತ್ತಿದ ಲಕೋಟೆ’ ಎಂದು ಆಡಿಕೊಳ್ಳುತ್ತಿದ್ದಳು. ಅದರಿಂದ ನನಗೆ ಒಳಗೊಳಗೇ ಹೆಮ್ಮೆ.

ಯುದ್ಧ ಮುಗಿದು ಮಿಲ್ಲುಗಳ ಷೇರಿನ ಬೆಲೆ ಏರುತ್ತಲೇ ಇದ್ದ ಕಾಲ. ಬೆಲ್ಲದ ಮಂಡಿಯ ರಾಜಣ್ಣನವರಿಗೆ ಬೊಂಬಾಯಿಯ ದಲ್ಲಾಳಿಯಿಂದ ಆಗಾಗ ತಂತಿ ಬರುತ್ತಿತ್ತು. ಮಂಡಿಯ ಜಗಲಿಯಲ್ಲಿ ಕೂತು ಅದನ್ನು ಎಲ್ಲರಿಗೂ ಓದಿ ಹೇಳುವರು. ಬೆಲ್ಲ ಮಾರಲು ಬಂದವರೂ ಷೇರು ಕೇಳತೊಡಗಿದರು.

ಅವರ ಮೂಲಕ ಷೇರು ಕೊಂಡವರಲ್ಲಿ ಸೂಲಗಿತ್ತಿ ಹೊನ್ನಮ್ಮನೂ ಒಬ್ಬಳು. ನನ್ನ ಮಗನ ಹೆರಿಗೆ ಮಾಡಿಸಿದವಳು ಅವಳೇ. ಗಂಡ ಸತ್ತಮೇಲೆ ಕಂಡವರ ಹಿತ್ತಿಲ ಕೋಣೆಯಲ್ಲೇ ಬಾಳಿದ್ದಳು. ಶಿಂಷಾ ಹೊಳೆ ಕಡೆ ಒಂದು ಸಣ್ಣ ಮನೆ ನೋಡಿಟ್ಟಿದ್ದಳು. “ಸಾಯೋದಾದ್ರೂ ನನ್ನ ಬಾಗ್ಲಲ್ಲಿ ಸಾಯ್ಬೇಕು ಕಣಪ್ಪ” ಅನ್ನುತ್ತಿದ್ದಳು.

ಒಂದು ಬೆಳಿಗ್ಗೆ ರಾಜಣ್ಣನವರು ಆ ದಲ್ಲಾಳಿಗೆ ತಂತಿ ಕಳಿಸಲು ಫಾರಂ ತುಂಬಿ ಕೊಟ್ಟರು. ಮೂರೇ ಪದ: ‘ಸೆಲ್ ಆಲ್ ಟುಡೇ.’ ಎಲ್ಲವನ್ನೂ ಇವತ್ತೇ ಮಾರು. ಕಳಿಸಿದೆ. ಅದೇ ಸಂಜೆ ಮಂಡಿಯ ಮುಂದೆ ಹಾದುಹೋಗುವಾಗ ಅವರ ದನಿ ಕೇಳಿಸಿತು: “ಇನ್ನೂ ಏರ್ತದೆ, ಯಾರೂ ಕೈಬುಡಬೇಡಿ.”

ಮಾರನೆಯ ದಿನ ಹೊನ್ನಮ್ಮ ಕೌಂಟರಿಗೆ ಬಂದಳು. “ಈಗ ಮಾರುದ್ರೆ ಮನೆಗೆ ಸಾಕಾಯ್ತದೆ. ಇನ್ನೂ ಸೊಲ್ಪ ತಡೀರಿ ಅಂತಾವ್ರೆ ರಾಜಣ್ಣೋರು. ನೀವು ತಂತಿ ನೋಡೋರು. ಮಾರ್ಬುಡ್ಲಾ, ಮಡೀಕಳ್ಳಾ?”

ಆ ಫಾರಂ ನನ್ನ ಕೈಯಳತೆಯಲ್ಲೇ ಇತ್ತು.

“ನನಗೇನು ಗೊತ್ತು ಹೊನ್ನಮ್ಮ? ರಾಜಣ್ಣನವರನ್ನೇ ಕೇಳು” ಎಂದುಬಿಟ್ಟೆ.

ಅವಳು ಕೇಳಿದಳು, ಇಟ್ಟುಕೊಂಡಳು. ಕೆಲವೇ ವಾರಗಳಲ್ಲಿ ಬೆಲೆ ಕುಸಿಯಿತು. ರಾಜಣ್ಣನವರು ತಮ್ಮದನ್ನು ಮೊದಲೇ ಮಾರಿಕೊಂಡಿದ್ದರೆಂಬುದು ಆಮೇಲೆ ಊರಿಗೆಲ್ಲ ತಿಳಿಯಿತು. ಮತ್ತೆ ಏರೀತೆಂದು ಕಾದಳು, ಏರಲಿಲ್ಲ. ಕೈಗೆ ಬಂದ ತುತ್ತು ಬಾಯಿಗೆ ಬರಲಿಲ್ಲ. ಮನೆ ಬೇರೆಯವರ ಪಾಲಾಯಿತು. ಆ ವಯಸ್ಸಿನಲ್ಲಿ ಅವಳು ಕೊಕ್ಕರೆ ಬೆಳ್ಳೂರಿನವರೆಗೂ ಹೆರಿಗೆಗೆ ನಡೆದುಹೋಗುವುದನ್ನು ಕಂಡಾಗಲೆಲ್ಲ ನಾನು ತಲೆ ತಗ್ಗಿಸುತ್ತಿದ್ದೆ.

ಮರುವರ್ಷ ನನ್ನ ಹೆಂಡತಿಗೆ ಎರಡನೆಯ ಹೆರಿಗೆ. ಮಟಮಟ ಮಧ್ಯಾಹ್ನ ಹೇಳಿಕಳಿಸಿದೆ. ಹೊನ್ನಮ್ಮ ಬಂದಳು. ಹಿತ್ತಿಲಲ್ಲಿ ಕೈ ತೊಳೆಯುತ್ತ ಮೆಲ್ಲಗೆ ಕೇಳಿದಳು:

“ಅವತ್ತು ನಿಮ್ಗೆ ಗೊತ್ತಿತ್ತೇನಪ್ಪ?”

ಸುಳ್ಳು ಬಾಯಿಗೆ ಬರಲಿಲ್ಲ. “ಗೊತ್ತಿತ್ತು” ಎಂದೆ.

ಬಯ್ದಿದ್ದರೆ ಚೆನ್ನಾಗಿತ್ತು. ಅವಳು ಸೆರಗಿಗೆ ಕೈ ಒರೆಸಿಕೊಂಡಳು. “ಓಗ್ಲಿ ಬುಡಿ. ಒಳಗೆ ಅವ್ಳು ನೋಯ್ತಾವ್ಳೆ. ನೀರು ಕಾಯ್ಸಿ.”

ಒಲೆಯ ಮುಂದೆ ಕೂತು ಅತ್ತುಬಿಟ್ಟೆ. ಸಂಜೆಯೊಳಗೆ ಅವಳು ನನ್ನ ಮಗಳನ್ನು ತಂದು ಕೈಯಲ್ಲಿಟ್ಟಳು.

ಏರಿದ ಬೆಲೆ ನಿಂತೀತೇ ಎಂದು ಈಗಲೂ ಜನ ನನ್ನನ್ನು ಕೇಳುತ್ತಾರೆ. ನಿಲ್ಲುತ್ತದೆ ಎನ್ನುವವನು ತನ್ನದನ್ನು ಇಟ್ಟುಕೊಂಡಿದ್ದಾನೋ ಮಾರಿದ್ದಾನೋ ಮೊದಲು ನೋಡಿ ಎನ್ನುತ್ತೇನೆ. ಆದರೆ ಕೆಲಸ ನನಗೆ ಕಲಿಸಿದ ಪಾಠ ಅದಲ್ಲ. “ಹೇಳಕೂಡದು ಹೊನ್ನಮ್ಮ” ಎಂದಷ್ಟೇ ಅಂದಿದ್ದರೂ ಆ ಜಾಣೆಗೆ ಅರ್ಥವಾಗುತ್ತಿತ್ತು. ಗುಟ್ಟು ಕಾಯಬೇಕೆಂದು ಪ್ರಮಾಣ ಮಾಡಿಸಿದ್ದರು ನಿಜ. ಗೊತ್ತಿಲ್ಲ ಎನ್ನು ಅಂತ ಯಾರೂ ಹೇಳಿರಲಿಲ್ಲ. ಅದನ್ನು ನಾನೇ ಸೇರಿಸಿಕೊಂಡಿದ್ದೆ.