ಬಾಗಿಲ ಕಡೆಯ ತುದಿ

ದೋಣಿಯ ತಳದ ಹಲಗೆಯನ್ನು ಕಿರುಬೆರಳಿಂದ ಒತ್ತಿದೆ. ಬೆರಳು ಮೊದಲ ಗೆಣ್ಣಿನವರೆಗೆ ಒಳಗೆ ಹೋಯಿತು. ಹೊರಗೆ ತೆಗೆದಾಗ ಉಗುರಿನ ಸಂದಿಯಲ್ಲಿ ನೆನೆದ ಹೊಟ್ಟಿನಂಥ ಕಪ್ಪು ಪುಡಿ ಇತ್ತು.

ಆ ದೋಣಿಯಲ್ಲಿ ಅಪ್ಪ ದಿನಾಲೂ ಹಿನ್ನೀರು ದಾಟುತ್ತಾನೆ. ಆಣೆಕಟ್ಟಿನ ನೀರು ನಿಂತಾಗ ನಮ್ಮ ಹೊಲದ ಒಂದು ಭಾಗ ಆಚೆ ದಡದಲ್ಲಿ ಉಳಿಯಿತು. ಇಬ್ಬರು ಹಿಂದೆಮುಂದೆ ಕೂರುವಷ್ಟು ಕಿರಿದಾದ ಈ ಉದ್ದನೆಯ ದೋಣಿಯನ್ನು ಅಜ್ಜ ಆಗ ಮಾಡಿಸಿದ್ದ. ಅಪ್ಪನಿಗೆ ಈಜು ಬರುವುದಿಲ್ಲ.

“ಅಪ್ಪಾ, ಬೆರಳ ಒಳಗ ಹೋಗ್ತದ ನೋಡು.”

“ನೀ ಹಾಕಬ್ಯಾಡ, ಹೋಗಲ್ಲ,” ಅಂದ ಅಪ್ಪ.

ಆದರೂ ಮರ ಹುಡುಕಲು ನನ್ನ ಜೊತೆ ಹೊರಟ. ಹಲಗೆ ಬದಲಿಸಲು ಒಪ್ಪಿದ್ದ ಉಮರ್ಗಾದ ಬಡಿಗನಿಗೆ ಚೆನ್ನಾಗಿ ಒಣಗಿದ ಹಳೆ ಸಾಗವಾನಿಯೇ ಬೇಕಿತ್ತು. ಹಸಿಮರ ಹಾಕಿದರೆ ಒಣಗುತ್ತಾ ಬಾಗಿ, ಹಲಗೆಗಳ ಜೋಡಣೆ ಬಿಡುತ್ತದೆ ಎಂದಿದ್ದ. ನಿಲಂಗಾದಲ್ಲಿ ನಮಗೆ ಸಿಕ್ಕಿದ್ದು ಸೀಳುಬಿಟ್ಟ ಜಾಲಿ. ಉದಗೀರದ ಕಟ್ಟಿಗೆ ಅಡ್ಡೆಯಲ್ಲಿ ಸಾಗವಾನಿ ಇತ್ತು, ಆದರೆ ಎಳೆಯದು. ಕೈಯಿಟ್ಟರೆ ಇನ್ನೂ ತಣ್ಣಗಿತ್ತು.

“ದೋಣಿಗೇನ್ರಿ?” ಹಣೆಗೆ ವಿಭೂತಿ ಬಳಿದುಕೊಂಡಿದ್ದ ಅಡ್ಡೆಯ ಸಾವಕಾರರು ನಕ್ಕರು. “ಇಲ್ಲಿ ನಮಗ ಕುಡಿಲಾಕ ನೀರಿಲ್ಲ. ನೀವು ದೋಣಿ ಬಿಡ್ತೀರಿ! ಭಾಗ್ಯವಂತರು ನೋಡ್ರಿ.”

ಅಪ್ಪನೂ ನಕ್ಕ. ಆಮೇಲೆ ಅವರು ದನಿ ಇಳಿಸಿ ಅಂದರು: “ಭೂಕಂಪದಾಗ ಬಿದ್ದ ಮನಿ ತೊಲಿ ಯಾರ ಬಲ್ಲಾದ್ರೂ ಇದ್ರ ಕೇಳ್ರಿ. ಅಂಥಾ ಸಾಗವಾನಿ ಈಗೆಲ್ಲಿ ಬರಬೇಕು?”

“ನಮ್ಮ ಕಡಿ ಯಾರ ಬಲ್ಲೂ ಇಲ್ಲರಿ,” ಅಂದ ಅಪ್ಪ.

ನಾನು ಅವನ ಮುಖ ನೋಡಲಿಲ್ಲ. ವಾಪಸು ಬರುವಾಗ ವಲಾಂಡಿ ಊರು ದಾಟುವವರೆಗೂ ಅವನು ಬಸ್ಸಿನ ಕಿಟಕಿಯಿಂದ ಹೊರಗೇ ನೋಡುತ್ತಿದ್ದ.

ಅಂಥ ತೊಲೆ ನಮ್ಮ ಕೊಟ್ಟಿಗೆಯಲ್ಲೇ ಇದೆ. ಭೂಕಂಪದಲ್ಲಿ ಸಾಸ್ತೂರಿನ ಹಳೆಯ ಮನೆ ಬಿದ್ದಾಗ ಅಪ್ಪನ ತಂಗಿ ಈ ತೊಲೆಯ ಕೆಳಗೆ ಸಿಕ್ಕಿ ಸತ್ತಳು. ಪಕ್ಕದಲ್ಲೇ ಮಲಗಿದ್ದ ಅಪ್ಪ ಉಳಿದ. ಹೊಸ ಊರಿಗೆ ಬರುವಾಗ ಅಪ್ಪನ ತಾಯಿ, ನಮ್ಮ ಆಯಿ, ತೊಲೆಯನ್ನು ಗಾಡಿಯ ಮೇಲೆ ತಂದಳು. ಮಾರಲಿಲ್ಲ, ಸುಡಲಿಲ್ಲ, ಹೊಸ ಮನೆಗೂ ಹಾಕಲಿಲ್ಲ. ಕಲ್ಲುಗಳ ಮೇಲೆ ಎತ್ತಿಟ್ಟು ಸೋಮವಾರಕ್ಕೊಮ್ಮೆ ವಿಭೂತಿ ಹಚ್ಚುತ್ತಾಳೆ. ಅದರ ಮೇಲೆ ಯಾರೂ ಕೂರುವುದಿಲ್ಲ. ಚಿಕ್ಕವಳಿದ್ದಾಗ ಒಮ್ಮೆ ನಾನು ಅದರ ಮೇಲೆ ಪುಸ್ತಕ ಇಟ್ಟಿದ್ದೆ. ಆಯಿ ಬೈಯಲಿಲ್ಲ, ಪುಸ್ತಕವನ್ನು ನೆಲಕ್ಕಿಟ್ಟಳು, ಅಷ್ಟೆ.

ಮರುದಿನ ಅಪ್ಪ ಹಲಗೆಯ ಮೇಲೆ ತಗಡು ಬಡಿದು, ಡಾಂಬರು ಬಳಿದು ದೋಣಿಯನ್ನು ನೀರಿಗೆ ಬಿಟ್ಟ. ಆಚೆ ಕಡಲೆ ಕೀಳುವುದಿತ್ತು. ನಾನು ದಡದಲ್ಲಿ ನಿಂತೆ. ನಡುನೀರಿನಲ್ಲಿ ಅವನು ಹುಟ್ಟನ್ನು ಒಳಗೆಳೆದುಕೊಂಡು ಬಗ್ಗಿದ. ಡಬ್ಬಿಯಿಂದ ನೀರು ಹೊರಗೆ ಚೆಲ್ಲುತ್ತಿರುವುದು ಕಂಡಿತು. ಹುಟ್ಟು ಬಿಟ್ಟದ್ದರಿಂದ ದೋಣಿ ಅಡ್ಡ ತಿರುಗಿ ನಿಧಾನವಾಗಿ ಆಳದ ಕಡೆಗೆ ಸರಿಯಿತು. ಕೂಗಬೇಕೆನಿಸಿತು. ಕೂಗಿದರೆ ಎದ್ದು ನಿಂತಾನೆಂದು ಹೆದರಿ ಬಾಯಿಗೆ ಕೈ ಅಡ್ಡ ಹಿಡಿದೆ. ಅವನು ಆಚೆ ದಡ ಮುಟ್ಟಿದ ಮೇಲೇ ಕೈ ತೆಗೆದೆ. ಸಂಜೆ ಮತ್ತೆ ಅದೇ ನೀರು ದಾಟಿ ಬಂದ. ಬಟ್ಟೆ ಸೊಂಟದವರೆಗೆ ನೆನೆದಿತ್ತು. ನೇರ ಕೈಕಾಲು ತೊಳೆಯಲು ಹೋದ.

ಆಯಿ ಪಡಸಾಲೆಯಲ್ಲಿ ಜೋಳ ಹಸನು ಮಾಡುತ್ತಿದ್ದಳು.

“ಆಯಿ, ತೊಲಿ ಕೊಡ್ತೀಯೇನು? ದೋಣಿಗಿ.”

ಅವಳ ಕೈಯಲ್ಲಿದ್ದ ಮೊರ ನಿಂತಿತು. “ಅಪ್ಪ ಕಳಿಸ್ಯಾನೇನು?”

“ಅಂವಾ ಎಂದೂ ಕೇಳಂಗಿಲ್ಲ.”

“ಮಗಳಿಗಿ ತಿಂದದ ಅದು. ಈಗ ಮಗನ ಬುಡಕ ಇಡ್ಲೇನು?”

ನಾನು ದಡದಿಂದ ಮನೆಯವರೆಗೆ ಜೋಡಿಸಿಕೊಂಡು ಬಂದಿದ್ದ ಮಾತುಗಳನ್ನು ಅಲ್ಲೇ ಬಿಟ್ಟೆ. ಕಂಡದ್ದನ್ನಷ್ಟೇ ಹೇಳಿದೆ: “ಇವತ್ತ ನಡುನೀರಾಗ ಹುಟ್ಟು ಬಿಟ್ಟು, ಡಬ್ಬಿ ತಗೊಂಡು ನೀರು ಚೆಲ್ಲಲತ್ತಿದ್ದ. ದೋಣಿ ತಿರಗಲತ್ತಿತ್ತು.”

ಆಯಿ ಮೊರದಲ್ಲಿದ್ದ ಜೋಳವನ್ನು ಚೀಲಕ್ಕೆ ಸುರಿದಳು. ಆಮೇಲೆ ಎದ್ದು, ದೇವರ ಜಗುಲಿಯಿಂದ ವಿಭೂತಿ ಗಟ್ಟಿ ತೆಗೆದುಕೊಂಡು ಕೊಟ್ಟಿಗೆಗೆ ನಡೆದಳು. ತೊಲೆಯನ್ನು ಅಂಗೈಯಿಂದ ಸವರುತ್ತಾ ಹೋಗಿ, ಒಂದು ಕಡೆ ನಿಂತು ಅಡ್ಡಗೆರೆ ಎಳೆದಳು.

“ಇದು ಬಾಗಲ ಕಡೀದ ತುದಿ. ಇಲ್ಲಿತನಕ ಒಯ್ರಿ. ಆ ಕಡಿ ಆಕಿ ಮಲಗಿದ್ಳು. ಅದಕ್ಕ ಗರಗಸ ಹತ್ತಬಾರ್ದು.”

ನನಗೆ ಎರಡೂ ತುದಿ ಒಂದೇ ಥರ ಕಂಡವು. ಅವಳು ಹೇಗೆ ಗುರುತು ಹಿಡಿದಳೋ, ಕೇಳಲಿಲ್ಲ. ಮರ ಸಿಕ್ಕಿತೆಂಬ ನೆಮ್ಮದಿಯೂ ಆಗಲಿಲ್ಲ. ಹೆದರಿಕೆ ಜಾಗ ಬದಲಿಸಿತ್ತು, ಅಷ್ಟೆ. ನಾಳೆ ಆ ದೋಣಿಗೆ ಏನಾದರೂ ಆದರೆ, ತೊಲೆ ಕೇಳಿದವಳು ನಾನು. ಆಯಿ ಬಾಯಿಬಿಟ್ಟು ಅನ್ನುವುದಿಲ್ಲ. ಅನ್ನದೇ ಇರುವುದನ್ನು ನೆನೆದೇ ಭಯವಾಯಿತು.

ಮರುದಿನ ಬೆಳಿಗ್ಗೆ ಅಪ್ಪ ಏಳುವ ಮೊದಲೇ ದಡಕ್ಕೆ ಹೋಗಿ, ದೋಣಿಯ ಹುಟ್ಟನ್ನು ತಂದು ನನ್ನ ಕೋಣೆಯಲ್ಲಿಟ್ಟು ಬಾಗಿಲು ಹಾಕಿದೆ. ಆಮೇಲೆ ಇಕ್ಕಳ, ಸುತ್ತಿಗೆ ಹಿಡಿದು ಕೊಟ್ಟಿಗೆಗೆ ಹೋದೆ. ಮೊಳೆಯಿರುವ ತೊಲೆಯನ್ನು ಸಾ ಮಿಲ್ಲಿನವರು ಕೊಯ್ಯುವುದಿಲ್ಲ. ತುಕ್ಕು ಹಿಡಿದ ಮೊಳೆಗಳು ಸುಲಭಕ್ಕೆ ಬರಲಿಲ್ಲ. ಗೆರೆಯ ಈಚೆಗಿನವನ್ನಷ್ಟೇ ಕಿತ್ತೆ. ಆಚೆಗಿನವನ್ನು ಮುಟ್ಟಲಿಲ್ಲ.